ಎಲ್ಲ ಜನಾಂಗಗಳ ಸಜ್ಜನರು

ಪರಲೋಕದ ಪಾಲು ನಮ್ಮ ಮತದವರಿಗೆ ಮಾತ್ರವೇ? ಸುಮಾರು 1,900 ವರ್ಷಗಳ ಹಿಂದೆ ಯೆಹೂದಿ ಗುರುಗಳು ಇದನ್ನೇ ಚರ್ಚಿಸಿದರು. ಅನ್ಯರಿಗೆ ಪಾಲಿಲ್ಲ ಎಂದರು ರಬ್ಬಿ ಎಲಿಯೇಜರ್. ಎಲ್ಲ ಜನಾಂಗಗಳ ಸಜ್ಜನರಿಗೂ ಉಂಟು ಎಂದರು ರಬ್ಬಿ ಯೆಹೋಶುವ. 12ನೆಯ ಶತಮಾನದಲ್ಲಿ ಯೆಹೂದಿ ಪಂಡಿತ ಮೈಮೊನಿಡೀಸ್ ಯೆಹೋಶುವರ ಮಾತನ್ನೇ ಧರ್ಮಶಾಸ್ತ್ರವಾಗಿಸಿದರು.

ಅವರ ಪ್ರಕಾರ ಅನ್ಯರು ಮತಾಂತರವಾಗಬೇಕಿಲ್ಲ. ಬೈಬಲಿನ ನೋಹನ ಸಂತತಿಯ ಏಳು ನಿಯಮಗಳನ್ನು ದೇವರ ಆಜ್ಞೆಯೆಂದು ಒಪ್ಪಿ ನಡೆದರೆ ಸಾಕು. ವಿಗ್ರಹಾರಾಧನೆ, ದೇವನಿಂದೆ, ಕೊಲೆ, ವ್ಯಭಿಚಾರ, ಕಳವು, ಜೀವಂತ ಪ್ರಾಣಿಯ ಅಂಗ ಕಿತ್ತು ತಿನ್ನುವುದು ನಿಷಿದ್ಧ. ನ್ಯಾಯಾಲಯಗಳ ಸ್ಥಾಪನೆ ಕರ್ತವ್ಯ.

ಇದರಲ್ಲಿ ಮೊದಲನೆಯ ನಿಷೇಧವನ್ನು ನಮ್ಮಲ್ಲಿ ಹಲವರು ಒಪ್ಪಲಾರರು. ಆದರೂ ತನ್ನ ಮತಕ್ಕೆ ಸೇರದವನ ಸಜ್ಜನಿಕೆಗೆ ಶಾಸ್ತ್ರದಲ್ಲೇ ಜಾಗ ಕೊಟ್ಟದ್ದು ದೊಡ್ಡ ಮಾತು. ಇಂದು ಎದುರಾಗುವವರ ಮತ ಕೇಳುವ ಮೊದಲು ನಡತೆಯನ್ನು ನೋಡೋಣ.