ಆಂಪ್ಲಿಫೈಯರ್‌ನ ತೂಕ ಮತ್ತು ತವರು

ಮಿಕ್ಸರ್‌ನಿಂದ ಹೊರಬರುವ ಒಂದು ವೋಲ್ಟಿನ ಆಸುಪಾಸಿನ ಧ್ವನಿಸಂಕೇತಕ್ಕೆ ಸ್ಪೀಕರಿನ ಕೋನನ್ನು ಅಲುಗಿಸುವಷ್ಟು ಶಕ್ತಿ ತುಂಬಿಕೊಡುವ ಯಂತ್ರವೇ ಪವರ್ ಆಂಪ್ಲಿಫೈಯರ್. ವೇದಿಕೆ, ಚಿತ್ರಮಂದಿರ, ಜಾತ್ರೆಗಳಲ್ಲಿ ಗಂಟೆಗಟ್ಟಲೆ ದುಡಿಯುವ ವೃತ್ತಿಪರ ಆಂಪ್ಲಿಫೈಯರ್‌ಗಳನ್ನು ಹೋಲಿಸುವವರು ಮೊದಲು ವಾಟ್ ಸಂಖ್ಯೆಯನ್ನು ನೋಡುತ್ತಾರಾದರೂ, ಅವುಗಳ ಚರಿತ್ರೆಯನ್ನು ಹೆಚ್ಚು ಸ್ಪಷ್ಟವಾಗಿ ಹೇಳುವುದು ತೂಕ. ಆ ತೂಕದಲ್ಲಿ ದೊಡ್ಡ ಪಾಲು ಟ್ರಾನ್ಸ್‌ಫಾರ್ಮರ್‌ನದು.

ವಾಲ್ವ್‌ಗಳ ಕಾಲದಲ್ಲಿ ಮೇನ್ಸ್ ವಿದ್ಯುತ್ತನ್ನು ಬೇಕಾದ ವೋಲ್ಟೇಜಿಗೆ ತರಲು ಒಂದು ಟ್ರಾನ್ಸ್‌ಫಾರ್ಮರ್ ಬೇಕಿದ್ದರೆ, ಹೆಚ್ಚು ವೋಲ್ಟೇಜಿನಲ್ಲಿ ಅಲ್ಪ ಕರೆಂಟು ಕೊಡುವ ವಾಲ್ವನ್ನು ಕಡಿಮೆ ವೋಲ್ಟೇಜಿನಲ್ಲಿ ಹೆಚ್ಚು ಕರೆಂಟು ಬೇಡುವ ಸ್ಪೀಕರಿಗೆ ಹೊಂದಿಸಲು ಇನ್ನೊಂದು ಬೇಕಿತ್ತು. 1969ರ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ದುಡಿದದ್ದು ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್‌ನ ಮ್ಯಾಕಿಂತೋಷ್ ಕಂಪನಿಯ ಇಂಥವೇ ವಾಲ್ವ್ ಯಂತ್ರಗಳು. ಆ ವೇಳೆಗಾಗಲೇ ಇಂಡಿಯಾನಾದ ಎಲ್ಕಾರ್ಟ್ ಪಟ್ಟಣದ ಕ್ರೌನ್ ಕಂಪನಿ 1967ರಲ್ಲಿ ಡಿಸಿ-300 ಎಂಬ ಟ್ರಾನ್ಸಿಸ್ಟರ್ ಆಂಪ್ಲಿಫೈಯರನ್ನು ಹೊರತಂದು, ಎರಡನೆಯ ಟ್ರಾನ್ಸ್‌ಫಾರ್ಮರನ್ನು ಕಿತ್ತುಹಾಕಿ, 8 ಓಮ್ ಸ್ಪೀಕರಿಗೆ ಚಾನೆಲ್ಲೊಂದಕ್ಕೆ 150 ವಾಟ್ ಕೊಟ್ಟಿತ್ತು. ಮೇನ್ಸ್ ಟ್ರಾನ್ಸ್‌ಫಾರ್ಮರ್ ಮಾತ್ರ ಹಾಗೆಯೇ ಉಳಿಯಿತು.

ಅದನ್ನೂ ಕುಗ್ಗಿಸಿದ್ದು ಸ್ವಿಚ್‌ಮೋಡ್ ಪದ್ಧತಿ. ಮೇನ್ಸ್‌ನ 50 ಹರ್ಟ್ಸ್ ವಿದ್ಯುತ್ತನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು ಜೋಡಿಸಿದರೆ ಅಂಗೈಯಗಲದ ಟ್ರಾನ್ಸ್‌ಫಾರ್ಮರೇ ಸಾಕಾಗುತ್ತದೆ. ಇದರ ಜೊತೆಗೆ, ಟ್ರಾನ್ಸಿಸ್ಟರನ್ನು ಅರೆತೆರೆದ ಸ್ಥಿತಿಯಲ್ಲಿ ಕಾಯಿಸುವ ಬದಲು ಪೂರ್ತಿ ತೆರೆದು ಪೂರ್ತಿ ಮುಚ್ಚುವ ಕ್ಲಾಸ್ ಡಿ ವಿಧಾನವೂ ಸೇರಿದಾಗ ಶಾಖ ತಗ್ಗಿ, ಹೀಟ್‌ಸಿಂಕ್‌ಗಳೂ ಚಿಕ್ಕವಾದವು. ಇಟಲಿಯ ಫ್ಲಾರೆನ್ಸ್ ಬಳಿ 1995ರಲ್ಲಿ ಆರಂಭವಾದ ಪವರ್‌ಸಾಫ್ಟ್ ಕಂಪನಿಯ ಕೆ-10 ಸುಮಾರು 12 ಕಿಲೋ ತೂಗುತ್ತದೆ. ಕಾಗದದಲ್ಲಿ 2 ಓಮ್‌ಗೆ ಚಾನೆಲ್ಲೊಂದಕ್ಕೆ 6000 ವಾಟ್ ಕೊಡುತ್ತದೆ.

ಇಲ್ಲಿ ಕಾಗದ ಎಂಬ ಮಾತು ಸುಮ್ಮನೆ ಬಂದದ್ದಲ್ಲ. 230 ವೋಲ್ಟಿನ 16 ಆಂಪಿಯರ್ ಸಾಕೆಟ್ಟಿನಿಂದ ಸಿಗುವುದೇ 3680 ವಾಟ್ ಆದ್ದರಿಂದ, ಎರಡು ಚಾನೆಲ್ ಸೇರಿ 12,000 ವಾಟ್ ಎಂಬುದು ಕ್ಷಣಮಾತ್ರದ ಏಟುಗಳಿಗಷ್ಟೇ ಸಲ್ಲುವ ಲೆಕ್ಕ. ಸಂಗೀತದ ಸರಾಸರಿ ಅದರ ಎಂಟನೆಯ ಒಂದು ಭಾಗದಷ್ಟೂ ಇರುವುದು ಕಷ್ಟ. 1974ರಲ್ಲಿ ಅಮೆರಿಕದ ವ್ಯಾಪಾರ ಆಯೋಗವು ಯಂತ್ರವನ್ನು ಮೂರನೆಯ ಒಂದು ಭಾಗ ಶಕ್ತಿಯಲ್ಲಿ ಒಂದು ಗಂಟೆ ದುಡಿಸಿದ ಮೇಲೆಯೇ ಅಳೆಯಬೇಕೆಂದು ವಿಧಿಸಿತಾದರೂ, ಆ ನಿಯಮ ಮನೆಬಳಕೆಯ ಆಂಪ್ಲಿಫೈಯರ್‌ಗಳಿಗೆ ಮೀಸಲಾಗಿತ್ತು. ಎಷ್ಟು ಓಮ್‌ಗೆ, ಎಷ್ಟು ಹೊತ್ತು ಎಂಬುದು ತಿಳಿಯದ ವಾಟ್ ಸಂಖ್ಯೆಗೆ ಬೆಲೆ ಕೊಡಬೇಕಾಗಿಲ್ಲ.

ಹಗುರಾದ ಯಂತ್ರ ಹಡಗಿನಲ್ಲೂ ಅಗ್ಗವಾಗಿ ಸಾಗುತ್ತದೆ. ಅದರ ಒಳಗೆ ಉಳಿದಿರುವುದು ಮುಖ್ಯವಾಗಿ ಸರ್ಕಿಟ್ ಬೋರ್ಡ್. ವಿನ್ಯಾಸದ ಊರೂ ತಯಾರಿಕೆಯ ಊರೂ ಬೇರೆಯಾಗಲು ಇದೂ ಒಂದು ಕಾರಣ. ಸ್ವೀಡನ್ನಿನಲ್ಲಿ 1979ರಲ್ಲಿ ಹುಟ್ಟಿದ ಲ್ಯಾಬ್ ಗ್ರುಪ್ಪೆನ್ 2015ರಲ್ಲಿ ಬೆಹ್ರಿಂಗರ್ ಬಳಗಕ್ಕೆ ಸೇರಿತು. ಆ ಬಳಗದ ದೊಡ್ಡ ಕಾರ್ಖಾನೆ ಇರುವುದು ಚೀನಾದ ಝೋಂಗ್‌ಶಾನ್‌ನಲ್ಲಿ. ಕ್ರೌನ್ 2000ದಲ್ಲಿ ಹಾರ್ಮನ್‌ಗೆ, ಹಾರ್ಮನ್ 2017ರಲ್ಲಿ ಸ್ಯಾಮ್‌ಸಂಗ್‌ಗೆ ಸೇರಿದವು.

ಭಾರತದ ಮಟ್ಟಿಗೆ, ಕರ್ನಾಟಕದ ಮೈಕ್‌ಸೆಟ್ಟಿನವರಿಗೆಲ್ಲ ಪರಿಚಿತವಾದ ದೆಹಲಿಯ ಅಹುಜಾ ಕಂಪನಿಯ ಎಷ್ಟೋ ಆಂಪ್ಲಿಫೈಯರ್‌ಗಳಲ್ಲಿ ಕ್ರೌನ್ ಕಿತ್ತುಹಾಕಿದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಂದಿಗೂ ಉಳಿದಿದೆ. ಏಕೆಂದರೆ ಊರಿನುದ್ದಕ್ಕೂ ಕಂಬಕಂಬಕ್ಕೆ ಕಟ್ಟಿದ ಹಾರ್ನ್‌ಗಳಿಗೆ ಧ್ವನಿಯನ್ನು 100 ವೋಲ್ಟಿಗೇರಿಸಿ ಕಳಿಸಿದರೆ ತಂತಿಯಲ್ಲಿ ಹರಿಯುವ ಕರೆಂಟು ಕಡಿಮೆಯಾಗಿ, ತೆಳುವಾದ ವೈರಿನಲ್ಲೂ ಕೊನೆಯ ಹಾರ್ನಿನವರೆಗೆ ಸದ್ದು ಕುಂದದೆ ತಲುಪುತ್ತದೆ.