ಜೀಪಿನಡಿಯ ಎಣ್ಣೆಹನಿ



ನಮ್ಮ ಮಲೆನಾಡಿನಲ್ಲಿ ಹಳೆಯ ಜೀಪಿಲ್ಲದ ಊರು ವಿರಳ. ಅದರಡಿ ಎಣ್ಣೆ ತೊಟ್ಟಿಕ್ಕುವುದನ್ನು ಮುಪ್ಪಿನ ಲಕ್ಷಣವೆಂದು ಸಹಿಸಿಕೊಂಡು ಬಂದಿದ್ದೇವೆ. ಅದೇ ಜೀಪು ಹಳ್ಳ ದಾಟುವಾಗ ಆ ಎಣ್ಣೆ ನೀರಿಗಿಳಿಯುತ್ತದೆ. ಕೆಳಗಿನ ಮನೆಯವರು ಕುಡಿಯುವುದೂ ಅದೇ ನೀರನ್ನು.

ಹನಿ ಬೀಳುವ ಜಾಗವೇ ಸೋರುವ ಜಾಗವಲ್ಲ. ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ. ಆದ್ದರಿಂದ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್‌ಗಳ ಜಿಡ್ಡನ್ನು ಮೊದಲು ಒರೆಸಿ, ಒಂದು ಸುತ್ತು ಓಡಿಸಿ ಬಂದು, ರಾತ್ರಿ ಅಡಿಯಲ್ಲಿ ರಟ್ಟು ಹಾಸಿರಿ. ಬೆಳಗ್ಗೆ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಹಸಿಯಾಗಿರುವ ಭಾಗವನ್ನು ಪರೀಕ್ಷಿಸಿರಿ. ಡ್ರೈನ್ ಬೋಲ್ಟಿನ ವಾಷರ್ ಸವೆದಿದ್ದರೆ ಬದಲಿಸಬೇಕು. ಬಲಪ್ರಯೋಗದಿಂದ ಬಿಗಿದರೆ ಥ್ರೆಡ್ಡೇ ಕೆಡುತ್ತದೆ. ಆಕ್ಸಲ್ಲಿನ ಬ್ರೀದರ್ ಕೆಸರಿನಿಂದ ಮುಚ್ಚಿದ್ದರೆ, ಬಿಸಿಯೇರಿದಾಗ ಒಳಗಿನ ಒತ್ತಡವು ಹೊಸ ಸೀಲನ್ನೂ ದಾಟಿ ಎಣ್ಣೆಯನ್ನು ಹೊರದೂಡುತ್ತದೆ. ಎರಡು ಸೀಲುಗಳಿಗೆ ದುಡ್ಡು ತೆತ್ತ ಮೇಲೆ ನನಗಿದು ತಿಳಿಯಿತು!

ಇನ್ನು ಇಳಿಸಿದ ಎಣ್ಣೆ. ಗೆದ್ದಲಿಗೆಂದು ಅದನ್ನು ಬೇಲಿಗೂಟಕ್ಕೆ ಬಳಿಯುವ ರೂಢಿ ನಮ್ಮಲ್ಲಿದೆ. 2016ರ ಕೇಂದ್ರ ನಿಯಮಗಳು ಬಳಸಿದ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯವೆಂದೇ ಪರಿಗಣಿಸಿವೆ. ಮುಚ್ಚಳವಿರುವ ಕ್ಯಾನಿನಲ್ಲಿ ಕೂಡಿಟ್ಟು, ಅಧಿಕೃತ ಮರುಸಂಸ್ಕರಣೆಗೆ ಕಳುಹಿಸುವ ಗ್ಯಾರೇಜಿಗೆ ಒಪ್ಪಿಸೋಣ. ಊರಿಗೊಂದು ಡ್ರಮ್ಮು ಇಡಲು ಯಾರ ಕೊಟ್ಟಿಗೆಯಲ್ಲಿ ಜಾಗವಿದೆ, ಇಂದೇ ಹೇಳಿರಿ.