ಕಲಿಯಲು ಕಡಲು ದಾಟಿದ ಪೋಲೀಸು ಅಧಿಕಾರಿ
(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ನಮ್ಮಲ್ಲಿ ಬಹುಮಂದಿ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರು. ನಾನು ಈ ನಗರಕ್ಕೆ ಬಂದ ಮೊದಲ ರಾತ್ರಿ, ವಿಳಾಸದ ಚೀಟಿ ಕೈಯಲ್ಲಿ ಹಿಡಿದು, ಒಂದು ಪೋಲೀಸು ಚೌಕಿಯ ಮುಂದೆ ಮೂರು ಸಲ ಹಾದುಹೋದೆ. ಒಳಹೊಕ್ಕು ದಾರಿ ಕೇಳುವ ಧೈರ್ಯ ಬರಲಿಲ್ಲ. ಒಳಗಿದ್ದವರು ನನಗೆ ಯಾವ ಕೇಡನ್ನೂ ಮಾಡಿರಲಿಲ್ಲ. ಅದು ಊರಿನಿಂದಲೇ ಗಂಟು ಕಟ್ಟಿ ತಂದ ಅಂಜಿಕೆ. ಕಡೆಗೆ ಬೀಡಾ ಅಂಗಡಿಯವನೊಬ್ಬ ದಾರಿ ತೋರಿಸಿದ. ಈ ಅಂಜಿಕೆಯಿಲ್ಲದ ಊರೂ ಉಂಟೇ ಎಂದು ಓದುತ್ತ ಹೋದಾಗ ಜಪಾನಿನ ಒಬ್ಬ ಅಧಿಕಾರಿಯ ವಿಷಯ ತಿಳಿಯಿತು. ಅದನ್ನೇ ಇಂದು ತಮ್ಮ ಮುಂದಿಡುತ್ತೇನೆ.

ಆತನ ಹೆಸರು ಕವಾಜಿ ತೊಶಿಯೋಶಿ. ೧೮೩೪ರಲ್ಲಿ ಸತ್ಸುಮಾ ಸೀಮೆಯ ಸಾಧಾರಣ ಸಮುರಾಯ್ ಮನೆತನದಲ್ಲಿ ಹುಟ್ಟಿದವನು. ೧೮೬೮ರಲ್ಲಿ ಷೋಗುನರ ಆಳಿಕೆ ಮುಗಿದು ಹೊಸ ಸರಕಾರ ಬಂದಿತು. ೧೮೭೧ರಲ್ಲಿ ಟೋಕಿಯೋ ಕಾವಲಿಗೆ ೩,೦೦೦ ಮಂದಿಯನ್ನು ನೇಮಿಸಿದರು. ಅವರಲ್ಲಿ ಹೆಚ್ಚಿನವರು ಸಮುರಾಯ್‌ಗಳು. ಕತ್ತಿ ಬಲ್ಲವರು, ಪೇಟೆಯ ಜನರ ಕಾವಲು ಬಲ್ಲವರಲ್ಲ. ಆದುದರಿಂದ ೧೮೭೨ರಲ್ಲಿ ಕವಾಜಿಯನ್ನು ಯೂರೋಪಿಗೆ ಕಳುಹಿಸಿದರು. ಆತನು ಸುಮಾರು ಒಂದು ವರುಷ ಅಲ್ಲಿದ್ದು, ಮುಖ್ಯವಾಗಿ ಫ್ರಾನ್ಸಿನ ವ್ಯವಸ್ಥೆಯನ್ನು ಅಭ್ಯಾಸಮಾಡಿ ಹಿಂದಿರುಗಿ ಸರಕಾರಕ್ಕೆ ಸಲಹೆ ಬರೆದುಕೊಟ್ಟ. ೧೮೭೪ರ ಜನವರಿಯಲ್ಲಿ ಟೋಕಿಯೋ ಮಹಾನಗರದ ಪೋಲೀಸು ಇಲಾಖೆ ಸ್ಥಾಪನೆಯಾಯಿತು. ಅದರ ಮೊದಲ ಮುಖ್ಯಸ್ಥ ಅವನೇ.

ಅದೇ ವರುಷ ಬೀದಿಯ ಮೂಲೆಗಳಲ್ಲಿ ‘ಕೋಬಾನ್’ ಆರಂಭವಾದವು. ಕೋಬಾನ್ ಎಂದರೆ ಸರದಿಯ ಕಾವಲು. ಮೊದಲು ಬರಿಯ ನಿಲ್ಲುವ ಜಾಗ, ಆಮೇಲೆ ಸಣ್ಣ ಕಟ್ಟೆಮನೆ. ಇಂದು ಅಲ್ಲಿ ೬,೦೦೦ಕ್ಕೂ ಹೆಚ್ಚು ಕೋಬಾನ್‌ಗಳಿವೆ. ಅಲ್ಲಿಗೆ ಹೋಗುವವರೆಲ್ಲ ಫಿರ್ಯಾದಿಗಳಲ್ಲ. ದಾರಿ ಕೇಳುವವರು, ಕಳೆದುಕೊಂಡ ಕೊಡೆ, ಪರ್ಸು ವಿಚಾರಿಸುವವರು. ಹಣ ಕಳೆದುಕೊಂಡವನಿಗೆ ಮನೆ ಸೇರಲು ರೈಲು ಖರ್ಚನ್ನು ಸಾಲವಾಗಿ ಕೊಡುವ ಪದ್ಧತಿಯೂ ಉಂಟು.

ಆದರೆ ಬಂಧುಗಳೇ, ಕಥೆಯ ಅರ್ಧವನ್ನಷ್ಟೇ ಹೇಳಿ ಕುಳಿತರೆ ತಪ್ಪಾದೀತು. ಸರಕಾರ ತಂದೆತಾಯಿ, ಪ್ರಜೆಗಳು ಮಕ್ಕಳು, ಪೋಲೀಸರು ದಾದಿಯರು ಎಂಬುದು ಕವಾಜಿಯ ತಿಳಿವಳಿಕೆ. ದಾದಿ ಲಾಲಿಸಬಲ್ಲಳು, ಬಾಯಿಯನ್ನೂ ಮುಚ್ಚಬಲ್ಲಳು. ಫ್ರಾನ್ಸಿನ ಪೋಲೀಸರು ರಾಜಕೀಯದವರ ಮೇಲೆ ಗುಟ್ಟಾಗಿ ಕಣ್ಣಿಡುತ್ತಿದ್ದರು. ಜಪಾನು ಆ ಪಾಠವನ್ನೂ ಕಲಿಯಿತು. ೧೯೧೧ರಲ್ಲಿ ಹುಟ್ಟಿದ ‘ತೊಕ್ಕೋ’ ಎಂಬ ವಿಶೇಷ ಪೋಲೀಸು ದಳ ಜನರ ವಿಚಾರಗಳನ್ನೇ ಅಪರಾಧವೆಂದು ಬೆನ್ನಟ್ಟಿತು. ಜಪಾನು ಯುದ್ಧದಲ್ಲಿ ಸೋತ ೧೯೪೫ರಲ್ಲಿ ಅದನ್ನು ರದ್ದುಮಾಡಿದರು. ೧೯೪೭ರ ಕಾನೂನು ಪೋಲೀಸರ ಮೇಲೆ ನಾಗರಿಕರ ಆಯೋಗಗಳನ್ನು ಇರಿಸಿತು. ಬೀದಿಮೂಲೆಯ ಕಟ್ಟೆಮನೆ ಮಾತ್ರ ಉಳಿಯಿತು.

ನಮ್ಮ ದೇಶದಲ್ಲಿ ನಡೆದುದೇ ಬೇರೆ. ೧೮೪೩ರಲ್ಲಿ ಸಿಂಧ್ ಪ್ರಾಂತವನ್ನು ಗೆದ್ದ ಚಾರ್ಲ್ಸ್ ನೇಪಿಯರ್ ಅಲ್ಲಿ ಐರ್ಲೆಂಡಿನ ಮಾದರಿಯ ಪೋಲೀಸನ್ನು ನಿಲ್ಲಿಸಿದ. ಅದು ಆಳಿಸಿಕೊಳ್ಳುವವರನ್ನು ಹದ್ದಿನಲ್ಲಿಡಲು ಇದ್ದ ಪಡೆ. ೧೮೬೧ರ ಪೋಲೀಸು ಕಾನೂನಿನ ಹಿಂದೆಯೂ ಅದೇ ಮನೋಭಾವ. ನನ್ನ ಅಂಜಿಕೆ ಇಂದು ನಿನ್ನೆಯದಲ್ಲ, ಅಜ್ಜನ ಕಾಲದ್ದು!

ಕಲಿತವನೇ ಮುಂದೆ ಕಲಿಸುವವನಾದ. ಸಿಂಗಾಪುರದವರು ಜಪಾನಿನ ಕೋಬಾನ್ ಪದ್ಧತಿಯನ್ನು ಅಭ್ಯಾಸಮಾಡಿ, ೧೯೮೩ರಲ್ಲಿ ತಮ್ಮ ವಸತಿ ಬಡಾವಣೆಗಳಲ್ಲಿ ನೆರೆಹೊರೆಯ ಪೋಲೀಸು ಠಾಣೆಗಳನ್ನು ತೆರೆದರು.

ನಮ್ಮ ಅಧಿಕಾರಿಗಳೂ ಅಭ್ಯಾಸಕ್ಕೆಂದು ವಿದೇಶಕ್ಕೆ ಹೋಗುತ್ತಾರೆ. ಹೋಗಲಿ, ಒಳ್ಳೆಯದೇ. ಹೊಸ ಯಂತ್ರ, ಹೊಸ ಕ್ಯಾಮೆರಾ ತರುವುದು ಸುಲಭ. ಅವರು ಮರಳಿದಾಗ ನಾವು ಕೇಳಬೇಕಾದ ಪ್ರಶ್ನೆ ಒಂದೇ: ‘ಸ್ವಾಮೀ, ಅಲ್ಲಿ ಭಾಷೆ ಬಾರದ ಬಡಪಾಯಿಯೊಬ್ಬ ರಾತ್ರಿ ಹತ್ತು ಗಂಟೆಗೆ ಠಾಣೆಯ ಮೆಟ್ಟಿಲು ಹತ್ತುತ್ತಾನೆಯೇ? ಹತ್ತಿದರೆ ಏಕೆ ಹತ್ತುತ್ತಾನೆ?’ ಅದಕ್ಕೆ ಉತ್ತರ ತಂದವರ ಪ್ರಯಾಣದ ಖರ್ಚು ವ್ಯರ್ಥವಲ್ಲ.

ಅಲ್ಲಿಯವರೆಗೆ, ಊರಿನಿಂದ ಹೊಸದಾಗಿ ಬಂದ ಹುಡುಗ ಚೀಟಿ ಹಿಡಿದು ಈ ವಾಚನಾಲಯದ ಬಾಗಿಲಲ್ಲಿ ನಿಂತರೆ, ಓದುತ್ತಿರುವ ಪತ್ರಿಕೆ ಮಡಿಸಿಟ್ಟು ಏಳೋಣ.